ಅಕ್ಕನ ಬೆನ್ನ ಹಿಂದೆ ದೊರೆ

ನಮ್ಮಕ್ಕ ಬೇಕರಿಯಿಂದ ದಿಬ್ಬದ ಮೇಲಿನ ಮನೆಗಳಿಗೆ ಬಿಸಿ ಬ್ರೆಡ್ ಮುಟ್ಟಿಸುವವಳು. ಆ ದಿಬ್ಬ ಎಷ್ಟು ಎತ್ತರವೆಂದರೆ, ಮೇಲೊಂದು ಕೋಳಿ ಮೊಟ್ಟೆಯಿಟ್ಟರೆ ಅದು ಉರುಳಿ ನಮ್ಮ ಬೀದಿಗೆ ಬರುವಷ್ಟರಲ್ಲಿ ಮರಿಯಾಗಿರುತ್ತದೆ. ಅಕ್ಕ ಸೈಕಲ್ ತಳ್ಳಿಕೊಂಡು ಹತ್ತುವುದರೊಳಗೆ ಬ್ರೆಡ್ ತಣ್ಣಗಾಗುತ್ತಿತ್ತು. ಬೇಕರಿ ಯಜಮಾನರು ಒಂದು ದಿನ ಹೇಳಿಯೇ ಬಿಟ್ಟರು:

“ನೋಡಮ್ಮ, ಸೋಮವಾರ ನಾನೇ ಮೇಲೆ ನಿಂತಿರ್ತೀನಿ. ಬ್ರೆಡ್ ಬಿಸಿಯಾಗಿ ಬಂದ್ರೆ ಕೆಲಸ ನಿಂದು. ಇಲ್ಲಾಂದ್ರೆ ವ್ಯಾನಿನವನದು.”

ಅಕ್ಕ ನೆಟ್ಟಗೆ ನನ್ನ ಸೈಕಲ್ ಅಂಗಡಿಗೆ ಬಂದಳು. ಹಿಂದೆಯೇ ಅವಳ ನಾಯಿ ದೊರೆ, ಕರುವಿನ ಗಾತ್ರದವನು.

“ಊರವರ ಸೈಕಲ್ಲೆಲ್ಲ ರಿಪೇರಿ ಮಾಡ್ತೀಯ. ಸ್ವಂತ ಅಕ್ಕನ ಹಣೆಬರಹ ರಿಪೇರಿ ಮಾಡಕ್ಕಾಗಲ್ವೇನೋ?”

“ಹಣೆಬರಹಕ್ಕೆ ಸ್ಪ್ಯಾನರ್ ಇಲ್ಲಕ್ಕ. ಆದ್ರೆ ಕೂತು ತಿನ್ನೋ ಈ ದೊರೆ ಇದಾನಲ್ಲ!”

ಮೂರು ಚಕ್ರದ ಗಾಡಿ ಕಟ್ಟಿದೆ. ಅಕ್ಕ ತುಳಿಯಬೇಕು, ದೊರೆ ಮುಂದೆ ನಿಂತು ಎಳೆಯಬೇಕು. ಆದರೆ ಅವನೋ, ಅಕ್ಕ ಬಂದಳೇ ಎಂದು ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡಿದ. ಅವನು ತಿರುಗಿದಾಗಲೆಲ್ಲ ಗಾಡಿಯೂ ತಿರುಗಿತು. ಸುತ್ತಿ ಸುತ್ತಿ ಕೊನೆಗೆ ಚರಂಡಿಗೆ ಬಿತ್ತು.

“ಏನಯ್ಯಾ, ಗಾಣ ಮಾಡಿದ್ಯಾ? ಎಣ್ಣೆ ಎಷ್ಟು ಬಂತು?” ಎಂದ ಎದುರಂಗಡಿಯ ದರ್ಜಿ.

ಅಕ್ಕ ಎದ್ದು ಮನೆ ಕಡೆ ನಡೆದಳು. ದೊರೆ ಅವಳ ಬೆನ್ನಿಗೆ ತಲೆಯಾನಿಸಿ, ಮನೆಯವರೆಗೂ ತಳ್ಳಿಕೊಂಡೇ ಹೋದ.

“ಅಯ್ಯೋ ನನ್ನ ಮಂಕುಬುದ್ಧಿಯೇ!” ಎಂದು ಹಣೆ ಚಚ್ಚಿಕೊಂಡೆ.

ಗಾಡಿಯನ್ನು ಪೂರಾ ಬಿಚ್ಚಿದೆ. ಈಗ ಬ್ರೆಡ್ ಪೆಟ್ಟಿಗೆ ಮುಂದೆ, ಅಕ್ಕ ನಡುವೆ, ಹಿಂದೆ ದೊರೆಯ ಎದೆಗೆ ತಾಗುವಂತೆ ಒಂದು ಹಲಗೆ, ಅವನನ್ನು ಗಾಡಿಗೆ ಕಟ್ಟಲು ಒಂದು ಪಟ್ಟಿ. ಹಲಗೆಗೆ ಅಕ್ಕನ ಹಳೇ ಶಾಲಿನ ದಿಂಬು. ಹೊಲಿದುಕೊಟ್ಟವನು ಅದೇ ದರ್ಜಿ.

ಸೋಮವಾರ ವ್ಯಾನು ಸುತ್ತಿನ ರಸ್ತೆ ಹಿಡಿಯಿತು. ಅದು ನುಗ್ಗಲಾಗದ ಕಡಿದಾದ ಓಣಿಯನ್ನು ಅಕ್ಕ ಹಿಡಿದಳು.

“ತಳ್ಳೋ ನನ್ ದೊರೆ!”

ಅವಳನ್ನು ಮುಟ್ಟಬೇಕೆಂದು ಅವನು ನುಗ್ಗಿದ. ಅವನು ನುಗ್ಗಿದಷ್ಟೂ ಅವಳು ಮುಂದೆ ಹೋದಳು. ಅಕ್ಕನ ನೆರಳು ಅರ್ಧ ದಾರಿಯಲ್ಲೇ ಸುಸ್ತಾಗಿ ಕೂತುಬಿಟ್ಟಿತು. ಬೇಕಿದ್ದರೆ ದರ್ಜಿಯನ್ನು ಕೇಳಿ, ಅದಕ್ಕೆ ನೀರು ಕೊಟ್ಟವನೇ ಅವನು.

ಮೇಲೆ ಕಾದಿದ್ದ ಯಜಮಾನರು ಬ್ರೆಡ್ ಮುರಿದು ಬಾಯಿಗಿಟ್ಟರು.

“ಅಯ್ಯಯ್ಯೋ, ನಾಲಿಗೆ!”

“ಬಿಸಿ ಸಾಕಾ ಯಜಮಾನ್ರೇ?”

“ಕೆಲಸ ನಿಂದೇ ತಾಯಿ! ಮೊದ್ಲು ನೀರು ಕೊಡು!”

ವ್ಯಾನಿನ ಹಾರ್ನು ಆಗಷ್ಟೇ ಕೆಳಗಿನ ತಿರುವಿನಲ್ಲಿ ಕೇಳಿಸಿತು. ಅಕ್ಕ ಇಳಿದು ದೊರೆಯ ಪಟ್ಟಿ ಬಿಚ್ಚಿದಳು. ಅವನು ಕೊನೆಗೂ ಅವಳ ಬೆನ್ನಿಗೆ ತಲೆಯಿಟ್ಟು, ಮತ್ತೆ ತಳ್ಳತೊಡಗಿದ.

“ಸಾಕು ಬಿಡೋ,” ಅಕ್ಕ ನಕ್ಕಳು, “ಇನ್ನು ಮೇಲಕ್ಕೆ ಆಕಾಶನೇ ಇರೋದು!”