ಅಪ್ಪನಿಗೆ ಬಡಿಸಿದ ಊಟ

ಟಿಬಿಲಿಸಿ ನಗರದ ನಾಟಕಶಾಲೆಯೊಂದರಲ್ಲಿ ಎಲಿಜ್ಬಾರ್ ಮೇಷ್ಟ್ರು ಮೊದಲ ವರ್ಷವಿಡೀ ಕಲಿಸುತ್ತಿದ್ದುದು ಒಂದೇ ಪಾಠ: ಬರಿಗೈಯಲ್ಲಿ ಕೆಲಸ ಮಾಡುವುದು. ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸಬೇಕು. ಇಲ್ಲದ ಕೊಡ ಎತ್ತಿದರೆ ಸೊಂಟ ನಿಜವಾಗಿ ವಾಲಬೇಕು. ಕೊನೆಯ ಪರೀಕ್ಷೆಯಲ್ಲಿ ಇದು ಬಾರದವರು ಗಂಟುಮೂಟೆ ಕಟ್ಟಬೇಕಿತ್ತು.

ವಿದ್ಯಾರ್ಥಿನಿ ದಾರೇಜಾನ್ ಪರೀಕ್ಷೆಗೆ ಆರಿಸಿಕೊಂಡದ್ದು ಸುಲಭದ ದೃಶ್ಯವೇ. ದ್ರಾಕ್ಷಿತೋಟದಿಂದ ಅಪ್ಪ ಮನೆಗೆ ಬರುತ್ತಾನೆ, ಮಗಳು ಬಡಿಸುತ್ತಾಳೆ, ಇಬ್ಬರೂ ಗ್ಲಾಸು ತಾಗಿಸಿ ವೈನು ಕುಡಿಯುತ್ತಾರೆ. ಆದರೆ ಎಷ್ಟು ಸಲ ಮಾಡಿದರೂ ಮೇಷ್ಟ್ರು ಅರ್ಧಕ್ಕೇ ತಡೆಯುತ್ತಿದ್ದರು.

“ಅಲ್ಲಮ್ಮಾ, ರೊಟ್ಟಿ ಕಾಣ್ತಿದೆ, ಹೂಜಿ ಕಾಣ್ತಿದೆ. ಎದುರಿಗೆ ಅಪ್ಪನೇ ಇಲ್ವಲ್ಲ! ಯಾರಿಗೆ ಬಡಿಸ್ತಿದೀಯ, ಗೋಡೆಗಾ?”

“ಅವರಪ್ಪ ಇನ್ನೂ ತೋಟದಿಂದ ಹೊರಟಿಲ್ಲ ಮೇಷ್ಟ್ರೇ,” ಎಂದ ಸಹಪಾಠಿ ಗೋಚಾ. ತರಗತಿಯೆಲ್ಲ ನಕ್ಕಿತು. ದಾರೇಜಾನಳೂ ನಕ್ಕಳು.

ಅವಳ ಅಪ್ಪ ಸತ್ತು ಆಗಲೇ ಒಂದು ಚಳಿಗಾಲ ಕಳೆದಿತ್ತು. ಜ್ವರವೆಂದು ಸುಳ್ಳು ಹೇಳಿ ಊರಿಗೆ ಹೋಗಿ ಮಣ್ಣು ಮಾಡಿ ಬಂದವಳು ಶಾಲೆಯಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅಯ್ಯೋ ಪಾಪ ಎನ್ನಿಸಿಕೊಂಡು ಪಾಸಾಗುವುದು ಅವಳಿಗೆ ಬೇಕಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಮಣ್ಣು ಮಾಡಿದ ದಿನ ಊರವರೆಲ್ಲ ಅಪ್ಪನ ಹೆಸರಿನಲ್ಲಿ ಕುಡಿಯಲು ಊಟಕ್ಕೆ ಕೂತಾಗ ಅವಳೊಬ್ಬಳು ಎದ್ದು ಹಿತ್ತಿಲಿಗೆ ಹೋಗಿ ನಿಂತಿದ್ದಳು. ಹುಚ್ಚು ಹುಡುಗಿ! ಊಟ ಬಿಟ್ಟ ಮಾತ್ರಕ್ಕೆ ಹೋದವರು ತಿರುಗಿ ಬರುತ್ತಾರೆಯೆ?

ಪರೀಕ್ಷೆಯ ದಿನ ಮೇಷ್ಟ್ರ ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಸಾಲಾಗಿ ಕೂತಿದ್ದರು. ದಾರೇಜಾನ್ ಬರಿಯ ಮೇಜಿನ ಮೇಲೆ ಬಟ್ಟೆ ಹಾಸಿದಳು, ರೊಟ್ಟಿ ಮುರಿದಳು, ಹೂಜಿ ಬಗ್ಗಿಸಿ ಎರಡೂ ಗ್ಲಾಸಿಗೆ ಸುರಿದಳು. ಇನ್ನು ತಾಗಿಸಬೇಕು, ನಗಬೇಕು, ಅಷ್ಟೇ. ಗ್ಲಾಸು ಹಿಡಿದು ಕೈ ಚಾಚಿದವಳು ಮೊದಲ ಸಲ ತಲೆಯೆತ್ತಿ ಎದುರಿನ ಖಾಲಿ ಕುರ್ಚಿಯನ್ನು ನೋಡಿದಳು.

ಕೈ ಅಲ್ಲೇ ನಿಂತಿತು. ಆ ನಾಡಿನಲ್ಲಿ ಸತ್ತವರ ಹೆಸರು ಹೇಳಿ ಕುಡಿಯುವಾಗ ಯಾರೂ ಗ್ಲಾಸು ತಾಗಿಸುವುದಿಲ್ಲ. ರೊಟ್ಟಿಯ ಮೇಲೆ ನಾಲ್ಕು ಹನಿ ಚೆಲ್ಲಿ, ಎದ್ದು ನಿಂತು ಕುಡಿಯುತ್ತಾರೆ. ಅವಳ ಕೈ ತಾನಾಗಿ ಹಿಂದೆ ಸರಿದು ರೊಟ್ಟಿಯ ಚೂರಿನ ಮೇಲೆ ವಾಲಿತು. ನಿಧಾನವಾಗಿ ಚೆಲ್ಲಿದಳು. ಆಮೇಲೆ ಎದ್ದು ನಿಂತಳು.

ಕುರ್ಚಿಗಳು ಸರಿದ ಸದ್ದಾಯಿತು. ಮೊದಲು ಮೇಷ್ಟ್ರು ಎದ್ದರು. ಅವರ ಹಿಂದೆ ಪರೀಕ್ಷಕರು, ಬಾಗಿಲ ಬಳಿಯಿದ್ದ ಗೋಚಾ ಕೂಡ. ಇದು ಪರೀಕ್ಷೆ ಎಂಬುದು ಯಾರ ನೆನಪಿನಲ್ಲೂ ಇದ್ದಂತೆ ಕಾಣಲಿಲ್ಲ.

“ಯಾರ ಹೆಸರಿನಲ್ಲಿ ಕುಡೀತಿದೀಯಮ್ಮಾ?” ಮೇಷ್ಟ್ರು ಮೆಲ್ಲಗೆ ಕೇಳಿದರು.

“ಶಾಲ್ವಾ,” ಎಂದಳು. “ನಮ್ಮಪ್ಪ.”

ತಾನು ಪಾಸಾದದ್ದು ಕುರ್ಚಿಗಳ ಸದ್ದು ಕೇಳಿದಾಗಲೇ ಅವಳಿಗೆ ತಿಳಿದಿತ್ತು. ಸಂತೋಷಪಡಲು ಮಾತ್ರ ಆಗಲಿಲ್ಲ. ಊರಿನಲ್ಲಿ ಎಂದೋ ಮಣ್ಣಾದ ಅಪ್ಪ ಅವಳ ಪಾಲಿಗೆ ಸತ್ತದ್ದು ಆಗ.