ಚೀನಾದ ಡಬ್ಬಿ, ಜಿನ್ನವ್ವನ ನಾಲಿಗೆ

ಮಮದಾಪುರದ ಪಾಯಪ್ಪ ವ್ರತಿಯಾದದ್ದು ತನ್ನ ಇಚ್ಛೆಯಿಂದಲ್ಲ, ಕರುಳಿನ ಇಚ್ಛೆಯಿಂದ. ಎರಡು ವರ್ಷದಿಂದ ಹೊಟ್ಟೆ ನುಲಿದು ರಕ್ತ ಬೀಳುತ್ತಿತ್ತು. ಘಟಪ್ರಭಾದ ಡಾಕ್ಟರು ನಳಿಕೆ ಹಾಕಿ ನೋಡಿ, ದೊಡ್ಡ ಕರುಳಿನ ಒಳಗೆಲ್ಲ ಹುಣ್ಣಾಗಿದೆ, ಹೋಯಿತು ಅನ್ನಿಸಿ ಮತ್ತೆ ಬರುವ ರೋಗ ಇದು, ಗುಳಿಗೆ ಬಿಡಬೇಡಿ ಎಂದಿದ್ದರು. ಇದನ್ನು ಊರಿಗೆ ಹೇಗೆ ಹೇಳುವುದು? ಮೂಡಲಗಿಯ ಮದುವೆಯಲ್ಲಿ ಊಟಕ್ಕೆ ಎಬ್ಬಿಸಿದಾಗ ಪಾಯಪ್ಪ, “ನಂದೊಂದು ವ್ರತ ಐತ್ರಿ” ಎಂದುಬಿಟ್ಟ. ಕಲ್ಲೋಳಿಯಲ್ಲಿ ಬಸುರಿಯೊಬ್ಬಳ ಕುಬಸದಲ್ಲೂ ಅದೇ ಮಾತು. ಆರು ತಿಂಗಳೊಳಗೆ ಬಸದಿಯಲ್ಲಿ ಜನ ಅವನಿಗೆ ದಾರಿ ಬಿಡತೊಡಗಿದರು. ಮೈ ಇಳಿದದ್ದೂ ತಪಸ್ಸಿನ ಖಾತೆಗೇ ಹೋಯಿತು.

ಅಷ್ಟರಲ್ಲಿ 2006ರ ಮಹಾಮಸ್ತಕಾಭಿಷೇಕ ಹತ್ತಿರ ಬಂತು. ಶ್ರವಣಬೆಳಗೊಳಕ್ಕೆ ಬಸ್ಸು ಗೊತ್ತುಮಾಡಿದ ಸಾತಪ್ಪ ಬಾಗಿಲಲ್ಲೇ ನಿಂತು ಹೇಳಿದ: “ಕಾಕಾ, ಮುಂದಿನ ಸೀಟ ನಿಮ್ದರಿ. ವ್ರತಿಗಳು ಮುಂದ ಕುಂತ್ರ ಬಸ್ಸಿಗೇ ಒಂದು ಕಳಾ.”

ಹಿಂದಿನ ಅಭಿಷೇಕವನ್ನು ಪಾಯಪ್ಪ ಕಬ್ಬಿನ ಕಟಾವಿನ ಗಡಿಬಿಡಿಯಲ್ಲಿ ತಪ್ಪಿಸಿಕೊಂಡಿದ್ದ. ಇದೂ ತಪ್ಪಿದರೆ ಮತ್ತೆ ಹನ್ನೆರಡು ವರ್ಷ. ಈಗಲೇ ವಯಸ್ಸು ಅರವತ್ತೆರಡು. ಆದರೆ ಗೋಕಾಕಕ್ಕೆ ಹೋಗುವಷ್ಟರಲ್ಲೇ ಎರಡು ಸಲ ಬಸ್ಸು ನಿಲ್ಲಿಸಿ ಇಳಿಯುವ ಮನುಷ್ಯ, ಇಡೀ ಒಂದು ರಾತ್ರಿಯ ದಾರಿ ಹೇಗೆ ಕೂತಾನು?

ದೀಪಾವಳಿಗೆ ಹುಕ್ಕೇರಿಯಿಂದ ಅಳಿಯ ವೃಷಭ ಬಂದ. ಔಷಧದ ಅಂಗಡಿಯವನು, ಮುಂಬೈಯಿಂದ ತರಿಸಿದ ಡಬ್ಬಿಯೊಂದನ್ನು ಮೂರ್ತಿ ಇಡುವಷ್ಟು ಜತನದಿಂದ ಮುಂದಿಟ್ಟ.

“ಚೀನಾದ ಔಷಧ ಮಾಮಾ. ಬರೇ ಗಿಡಮೂಲಿಕಿ. ಸಾವಿರ ವರ್ಷದ ವಿದ್ಯಾ ಅಂತ.”

ಪಾಯಪ್ಪ ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದ. “ಒಳಗ ಗಿಡ. ಈ ಹೊರಗಿನ ಅಂಗಿ ಯಾತರದು?”

ವೃಷಭ ತಲೆ ಕೆರೆದುಕೊಂಡ. “ಅದು… ದನದ ಚರ್ಮ, ಎಲುಬು ಕುದಿಸಿ ಮಾಡ್ತಾರ್ರಿ. ಎಲ್ಲಾ ಕಂಪನಿದೂ ಹಂಗ.”

“ಒಯ್ಯಪಾ. ಗೊಮ್ಮಟನ ಮುಂದ ಹೊಟ್ಟಿಯೊಳಗ ಎಲುಬ ಇಟಗೊಂಡು ನಿಂದರ್ಲೇನು?”

ಪಾಯಪ್ಪನ ಹೆಂಡತಿ ಜಿನ್ನವ್ವ ವಾದಕ್ಕೆ ನಿಲ್ಲದೆ ಕ್ಯಾಪ್ಸೂಲಿನ ಎರಡು ತುದಿ ಹಿಡಿದು ಎಳೆದಳು. ಅಂಗಿ ಕಸಕ್ಕೆ, ಹಸಿರು ಪುಡಿ ಚಮಚಕ್ಕೆ. ಗಂಡನಿಗೆ ಕೊಡುವ ಮೊದಲು ತಾನೊಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡಳು. ಅದು ಸಾಮಾನ್ಯ ನಾಲಿಗೆಯಲ್ಲ. ಬೆಲ್ಲದ ಒಂದು ಚೂರು ಬಾಯಿಗಿಟ್ಟರೆ, ಕಬ್ಬು ಕುಡಿದದ್ದು ಬಾವಿಯ ನೀರೋ ಕಾಲುವೆಯ ನೀರೋ ಎಂದು ಹೇಳುವಂಥದ್ದು.

ಅಷ್ಟು ಕಹಿಗೂ ಮುಖ ಕಿವಿಚಲಿಲ್ಲ. ಎದ್ದು ಹಿತ್ತಲಿಗೆ ಹೋಗಿ, ಮೊಣಕಾಲೆತ್ತರದ ಗಿಡವೊಂದನ್ನು ತಂದು ಅಳಿಯನ ಡಬ್ಬಿಯ ಮೇಲೆ ಇಟ್ಟಳು.

“ನೆಲಬೇವು. ನಮ್ಮವ್ವ ಜ್ವರಕ್ಕ, ಹೊಟ್ಟಿಗೆ ಇದನ್ನ ಕೊಡತಿದ್ಲು.”

“ಅತ್ತಿ, ಚೀನಾದ್ದರಿ ಅದು!” ಎಂದ ವೃಷಭ.

“ಚೀನಾದವರಿಗೆ ಹಿತ್ತಲ ಇರೂದಿಲ್ಲೇನು?”

ಮರುದಿನ ಮೂವರೂ ಡಬ್ಬಿ, ಗಿಡ ಎರಡನ್ನೂ ಹಿಡಿದು ಡಾಕ್ಟರ ಮೇಜಿನ ಮುಂದೆ ನಿಂತರು. ಡಬ್ಬಿಯ ಅಡಿಯಲ್ಲಿ ಇರುವೆ ಸಾಲಿನಂಥ ಒಂದು ಲ್ಯಾಟಿನ್ ಹೆಸರಿತ್ತು. ಡಾಕ್ಟರು ಕಂಪ್ಯೂಟರಿನಲ್ಲಿ ಹುಡುಕಿ, ಗಿಡ ನೋಡಿ, ಮತ್ತೆ ಕಂಪ್ಯೂಟರ್ ನೋಡಿದರು.

“ಖರೆ ಐತ್ರಿ ಅವ್ವಾ, ಅದೇ ಗಿಡ. ಈ ರೋಗಕ್ಕ ಆಗತೈತೇನು ಅಂತ ಹೊರದೇಶದಾಗೂ ತಪಾಸ ನಡಸ್ಯಾರ. ಕಡೀ ಮಾತು ಇನ್ನೂ ಯಾರೂ ಹೇಳಿಲ್ಲ. ಗುಳಿಗಿ ಮಾತ್ರ ಬಿಡಬ್ಯಾಡ್ರಿ. ಇದನ್ನ ನಾ ಹೇಳಿದಷ್ಟ ತಗೋರಿ, ಹದಿನೈದು ದಿನಕ್ಕೊಮ್ಮೆ ರಕ್ತ ತೋರಸ್ರಿ.”

ಪಾಯಪ್ಪನಿಗೆ ಕೇಳಿಸಿದ್ದು ಮೊದಲ ಎರಡು ಪದ ಮಾತ್ರ. ಮನೆ ತಲುಪುವವರೆಗೆ ಎದುರಾದವರಿಗೆಲ್ಲ, “ನಮ್ಮನ್ಯಾಕಿ ನಾಲಿಗಿ ಕಂಪ್ಯೂಟರಕಿಂತ ಮುಂದೈತಿ” ಎಂದು ಹೇಳುತ್ತ ಬಂದ.

ಸಂಕ್ರಾಂತಿಯ ಹೊತ್ತಿಗೆ ರಕ್ತ ನಿಂತಿತು. ಗುಳಿಗೆಯಿಂದಲೋ ಗಿಡದಿಂದಲೋ ಎಂಬ ಪ್ರಶ್ನೆಗೆ ಡಾಕ್ಟರು ಉತ್ತರ ಹೇಳಲಿಲ್ಲ. ಜಿನ್ನವ್ವನನ್ನು ಯಾರೂ ಕೇಳಲಿಲ್ಲ. ಆದರೂ ಆಕೆ ಹೇಳಿದಳು.

ಫೆಬ್ರುವರಿಯಲ್ಲಿ ಬಸ್ಸು ಹೊರಟಿತು. ಸಾತಪ್ಪ ಎದ್ದುನಿಂತು ವ್ರತಿಗಳ ಗುಣಗಾನ ಶುರುಮಾಡಿದಾಗ ಪಾಯಪ್ಪನಿಗೆ ತಡೆಯಲಾಗಲಿಲ್ಲ. ಮುಂದಿನ ಕಂಬಿ ಹಿಡಿದು ತಿರುಗಿದ.

“ಸಾತಪ್ಪಾ, ಸಾಕೋ. ನಾ ವ್ರತಿ ಅಲ್ಲ, ರೋಗಿ. ಕರುಳ ಹುಣ್ಣಾಗಿತ್ತು, ನಾಚಿಕಿಗೆ ವ್ರತ ಅಂದೆ. ಕಳಾ ಬೇಕಂದ್ರ ಈಕಿನ್ನ ನೋಡ್ರಿ. ಚೀನಾದವರ ಡಬ್ಬಿ ನಾಲಿಗಿಲೇ ಓದಿದಾಕಿ!” ಎಂದು ಹೆಂಡತಿಯನ್ನು ಕಿಟಕಿಯ ಬದಿಗೆ ಕೂಡಿಸಿದ.

ಹಿಂದಿನಿಂದ ಮುದುಕಿಯೊಬ್ಬಳು, “ವ್ರತ ಮುಚ್ಚಿಡಾಕ ರೋಗ ಅಂತಾರ ನೋಡ್ರಿ, ಎಂಥಾ ದೊಡ್ಡ ಮನಸ!” ಎಂದಳು. ಪಾಯಪ್ಪ ಸೋತು ಕುಳಿತ.

ಧಾರವಾಡ ದಾಟಿದ ಮೇಲೆ ಬಸ್ಸು ಹೊಟೇಲೊಂದರ ಮುಂದೆ ನಿಂತಿತು. ತಂಬಿಗೆ, ಬಾಟಲಿ ಹಿಡಿದು ಎಲ್ಲರೂ ನೂಕಾಡುತ್ತ ಇಳಿದರು. ಎಲ್ಲರಿಗಿಂತ ಮುಂದೆ ಓಡಿದವನು ಸಾತಪ್ಪ.

“ನೀವು ಇಳಿಯೂದಿಲ್ಲೇನ್ರಿ?” ಎಂದಳು ಜಿನ್ನವ್ವ.

“ನಾ ಯಾಕ ಇಳೀಲಿ?” ಎಂದ ಪಾಯಪ್ಪ, ಎರಡು ವರ್ಷ ಕಾದಿಟ್ಟಿದ್ದ ಮಾತಿನ ಹಾಗೆ.

ಬೆಳಗೊಳದಲ್ಲಿ ಗೊಮ್ಮಟ ಅಲುಗದೆ ನಿಂತಿದ್ದ. ಇಲ್ಲಿ ಬಸ್ಸಿನಲ್ಲಿ ಪಾಯಪ್ಪ ಅಲುಗದೆ ಕುಳಿತಿದ್ದ. ಅಷ್ಟೇ ವ್ಯತ್ಯಾಸ.