ಮೆತ್ತಿದ ಬಿರುಕು

ಅಮಾವಾಸ್ಯೆಯ ದಿನ ಆ ಊರಲ್ಲಿ ಯಾರೂ ಎತ್ತು ಹೂಡುವುದಿಲ್ಲ. ಎತ್ತಿಗೆ ಬಿಡುವು ಸಿಕ್ಕ ದಿನ ಮನುಷ್ಯರಿಗೂ ಬಿಡುವು. ಅದಕ್ಕೇ ಮಣ್ಣಿನ ಗೋಡೆ ಎಬ್ಬಿಸುವವರು ಅಮಾವಾಸ್ಯೆ ಕಾಯುತ್ತಾರೆ. ಕೂಲಿಯ ಮಾತಿಲ್ಲ. ನಿಮ್ಮ ಕೆಸರು ನಾವು ತುಳಿದರೆ ನಮ್ಮ ಕೆಸರು ನೀವು ತುಳಿಯಬೇಕು, ನಡುವೆ ಒಂದು ಊಟ, ಅಷ್ಟೇ. ಇದನ್ನು ಮುಯ್ಯಿ ಎನ್ನುತ್ತಾರೆ.

ಯಲಬುರ್ಗಾದಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿಯ ಆ ಕಪ್ಪು ಎರೆ ಮಣ್ಣಿನ ಸೀಮೆಯ ಊರಿನಲ್ಲಿ, ಕೊಪ್ಪಳ ಜಿಲ್ಲೆಯಾಗಿ ಹತ್ತು ವರ್ಷ ದಾಟಿದ ಬೇಸಿಗೆಯಲ್ಲಿ, ವಾಣಿಶ್ರೀಯ ಮನೆಗೆ ಹದಿನಾಲ್ಕು ಮಂದಿ ಮುಯ್ಯಿಗೆ ಬಂದರು. ಹಿಂದಿನ ಮಳೆಗಾಲದಲ್ಲಿ ಮನೆಯ ಹಿಂಭಾಗ ಕುಸಿದಿತ್ತು. ಉಳಿದದ್ದು ಒಂದು ಪಡಸಾಲೆ. ವಾಣಿಶ್ರೀ, ಅತ್ತೆ ಮುದಕಮ್ಮ, ಜೋಳದ ಚೀಲಗಳು, ಒಂದು ಎಮ್ಮೆ, ಎಲ್ಲ ಅದರಲ್ಲೇ. ಮಳೆಗೆ ಮೊದಲು ಹಿಂದೊಂದು ಕೋಣೆ ಎದ್ದು ಮೇಲೆ ಮಾಳಿಗೆಯ ಚಾವಣಿ ಹಾಕಿ ಮುಗಿಯಬೇಕಿತ್ತು. ಇಲ್ಲದಿದ್ದರೆ ಪಡಸಾಲೆಯೂ ಆ ವರ್ಷ ನಿಲ್ಲುವುದು ಅನುಮಾನ.

ಕೋಣೆಯ ಒಂದು ಗೋಡೆ ಆಗಲೇ ಎದೆಯೆತ್ತರ ನಿಂತಿತ್ತು. ಅದನ್ನು ಎಬ್ಬಿಸಿದವನು ಅವಳ ಗಂಡ ಪ್ರಭುರಾಜ. ನವಲಿಯ ಕಡೆಯ ಒಂದು ಊರಿನಲ್ಲಿ ಮೂರು ದಿನದ ಶಿಬಿರಕ್ಕೆ ಹೋಗಿ, ಮಣ್ಣೆಷ್ಟು, ಹುಲ್ಲೆಷ್ಟು, ನೀರೆಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದ. ಬರುವಾಗ ಒಂದು ಟೆಂಪೊ ನೆಲ್ಲಿನ ಹುಲ್ಲನ್ನೂ ತಂದಿದ್ದ. ಮುಯ್ಯಿಗೆ ಯಾರನ್ನೂ ಕರೆಯಲಿಲ್ಲ. ಕುಸಿದ ಹಳೆಯ ಗೋಡೆಗಳ ಕಂದು ಬಣ್ಣದ ಹಾಳು ಮಣ್ಣನ್ನು ಬೇವಿನ ಬುಡಕ್ಕೆ ಸರಿಸಿ, ಹೊಲದಿಂದ ಎರೆ ಮಣ್ಣು ಹೇರಿ ತಂದು, ಒಬ್ಬನೇ ತುಳಿದು, ಒಬ್ಬನೇ ಕಟ್ಟಿದ. ಗೋಡೆ ಎದೆಯೆತ್ತರಕ್ಕೆ ಬಂದ ವಾರವೇ ಕುಷ್ಟಗಿ ರಸ್ತೆಯಲ್ಲಿ, ಹಿಂದೆ ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರಿಗೆ ಅವನ ಬೈಕು ಬಡಿಯಿತು. ಅವನು ತೀರಿಕೊಂಡು ಈಗ ನಾಲ್ಕು ತಿಂಗಳು.

ಮಕ್ಬುಲಸಾಬರು ಊರಿನ ಗೋಡೆ ಕೆಲಸಕ್ಕೆಲ್ಲ ಹಿರಿಯರು. ಬಂದವರೇ ಕೆಲಸಕ್ಕೆ ಕೈ ಹಚ್ಚಲಿಲ್ಲ. ಗೋಡೆಯ ಸುತ್ತ ಒಂದು ಸಲ ನಡೆದರು. ಅಂಗೈಯಿಂದ ತಟ್ಟಿ ಕಿವಿ ಇಟ್ಟರು.

"ಏನ್ರಿ ಸಾಬ್ರ, ಗ್ವಾಡಿಗೆ ನೆಗಡಿ ಬಂದೈತೇನು?" ಎಂದಳು ಹಂಪವ್ವ. ಪಕ್ಕದ ಮನೆಯವಳು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೆಸರಿಗೆ ಇಳಿಯಲು ತಯಾರಾಗಿ ನಿಂತಿದ್ದಳು.

"ನೆಗಡಿ ಆದ್ರ ಹೋದೀತು," ಎಂದರು ಸಾಬರು. "ಇದು ಬರೇ ಎರಿ ಮಣ್ಣು. ಒಣಗಿದ್ರ ಸೀಳತೈತಿ, ಹನಿ ಬಿದ್ರ ಉಬ್ಬತೈತಿ. ಆ ಕಡೆ ಮಂದಿ ಕೆಂಪು ಮಸಾರಿ ಮಣ್ಣಿನ್ಯಾಗ ಕಟ್ತಾರ. ಅವರ ಲೆಕ್ಕ ಅಲ್ಲಿಗೆ ಖರೆ. ಹುಡುಗ ಹುಲ್ಲು ತಂದ, ಮಣ್ಣು ಅಲ್ಲೇ ಬಿಟ್ಟು ಬಂದ."

"ಮತ್ತೇನ ಮಾಡೂದು?"

"ಕೆಡವೂದು."

ಮುದಕಮ್ಮ ಪಡಸಾಲೆಯಿಂದ ಎದ್ದು ಬಂದಳು. ಯಾರ ಮುಖವನ್ನೂ ನೋಡದೆ ಗೋಡೆಯ ಒಳಬದಿಗೆ ಹೋಗಿ, ಅದಕ್ಕೆ ಬೆನ್ನು ಕೊಟ್ಟು ಕೂತಳು.

"ನನ್ನ ಮಗ ಕಟ್ಟಿದ್ದು ಇದು. ದಿನಾ ಮುಂಜಾನಿ ಕೈ ಆಡಿಸಿ ನೋಡ್ತೀನಿ," ಎಂದಳು. "ನಾಕು ತಿಂಗಳಾತು, ಒಂದ ಎಳಿ ಸೀಳಿಲ್ಲ."

"ಯಕ್ಕಾ, ನೀ ಅಲ್ಲೇ ಕುಂತ್ರ ನಿನ್ನ ಮ್ಯಾಲೇ ಗ್ವಾಡಿ ಇಡಬೇಕಾಕ್ಕೈತಿ," ಎಂದಳು ಹಂಪವ್ವ. "ಮಾಳಗಿ ಹೊರ್ತೀಯೇನು?"

"ಇಡ. ನಾ ಏನ ಸೀಳಂಗಿಲ್ಲ."

ಒಂದಿಬ್ಬರು ನಕ್ಕರು. ಉಳಿದವರು ಬೇವಿನ ನೆರಳಲ್ಲಿ ಹಾಳು ಮಣ್ಣಿನ ಗುಡ್ಡೆಯ ಮೇಲೆ ಕೂತು ಬೀಡಿ ಹಚ್ಚಿದರು. ಬಿಸಿಲು ಏರುತ್ತಿತ್ತು. ಬಂಡಿಯಲ್ಲಿ ನೀರಿನ ಪೀಪಾಯಿಗಳು ಬಂದು ನಿಂತಿದ್ದವು.

ವಾಣಿಶ್ರೀ ಒಲೆಯ ಮುಂದೆ ಕೂತು ಇದನ್ನೆಲ್ಲ ಕೇಳಿದಳು. ಅತ್ತೆ ಹೇಳಿದ್ದು ಸುಳ್ಳಲ್ಲ. ಅತ್ತೆಯ ಕೈಗೆ ಬಿರುಕು ಸಿಕ್ಕಿರಲಿಲ್ಲ, ಏಕೆಂದರೆ ಅತ್ತೆ ಏಳುವ ಮೊದಲು ವಾಣಿಶ್ರೀ ಅದನ್ನು ಮೆತ್ತಿ ಮುಗಿಸಿರುತ್ತಿದ್ದಳು. ಮೊದಲು ಕೂದಲೆಳೆಯಷ್ಟಿತ್ತು. ಆಮೇಲೆ ಉಗುರು ಹೋಗುವಷ್ಟು, ಈಗ ಬೆರಳು ಹೋಗುವಷ್ಟು. ಬಟ್ಟಲಲ್ಲಿ ಮಣ್ಣು ನೆನೆಹಾಕಿ, ಎರಡೂ ಬದಿಗೆ ಬೆರಳಿಂದ ತುಂಬಿ, ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು. ಯಾಕೆ ಎಂದು ತನ್ನನ್ನು ಕೇಳಿಕೊಂಡಿರಲಿಲ್ಲ. ಎಮ್ಮೆಗೆ ನೀರಿಡುವಂತೆ ಅದೂ ಒಂದು ಕೆಲಸವಾಗಿತ್ತು. ಆದರೆ ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ಅವಳಿಗೆ, ಶಾಸನದಲ್ಲಿ ಒಡೆದುಹೋದ ಅಕ್ಷರವನ್ನು ಊಹಿಸಿ ತುಂಬಬಾರದು, ಜಾಗ ಖಾಲಿ ಬಿಡಬೇಕು ಎಂದು ಕಲಿಸಿದ್ದರು.

ಅವಳು ಚಹಾ ತಂದಾಗ ಮಕ್ಬುಲಸಾಬರು ಗೋಡೆಯ ಹೊರಬದಿಯನ್ನು ಉಗುರಿನಿಂದ ಕೆರೆಯುತ್ತಿದ್ದರು.

"ಇಲ್ಲಿ ಬಣ್ಣ ಬ್ಯಾರೆ ಐತಿ ತಂಗಿ," ಎಂದರು, ಅವಳಿಗಷ್ಟೇ ಕೇಳುವಂತೆ. "ಮೆತ್ತಿದ ಬೆರಳು ಸಣ್ಣದು."

ಅವಳು ಚಹಾದ ತಟ್ಟೆಯನ್ನು ಅವರ ಮುಂದೆ ಹಿಡಿದಳು.

"ಇರಲಿ ಬಿಡ್ರಿ ಸಾಬ್ರ," ಎಂದು ನೀರಿನ ಬಂಡಿಯ ಮಾರೆಪ್ಪ ಕೂಗಿದ. "ಮುದುಕಿ ಜೀವ ನೋಯಿಸೂದ್ಯಾಕ? ಇದರ ಮ್ಯಾಲೇ ಎಬ್ಬಸೂನು."

"ಎಬ್ಬಸ್ರಿ. ಮಾಳಗಿ ಹಾಕಿದ ಮ್ಯಾಲೆ ನನ್ನ ಅದರಾಗ ಉಣ್ಣಾಕ ಕರೀಬ್ಯಾಡ್ರಿ." ಸಾಬರು ಚಹಾ ಕುಡಿದು ಲೋಟ ತಟ್ಟೆಗಿಟ್ಟರು. "ಒಳಗ ಮಲಗೂ ಮಂದಿ ಹೇಳಬೇಕು, ಕೆಡವೂದೋ ಬಿಡೂದೋ. ನಾವು ಮುಯ್ಯಿಗೆ ಬಂದವರು."

ವಾಣಿಶ್ರೀ ತಟ್ಟೆಯನ್ನು ನೆಲದ ಮೇಲಿಟ್ಟಳು. ಪಡಸಾಲೆಯ ಗೋಡೆಗೆ ಸಿಕ್ಕಿಸಿದ್ದ ಕುಡಗೋಲು ತಂದು, ತಾನು ಮೆತ್ತಿದ್ದನ್ನು ತಾನೇ ಮೇಲಿಂದ ಕೆಳಗೆ ಕೆರೆದಳು. ಒಣ ಮಣ್ಣು ಕಾಲ ಮೇಲೆ ಉದುರಿತು. ಉರುವಲಿನಿಂದ ಉದ್ದದೊಂದು ತೊಗರಿ ಕಡ್ಡಿ ಹಿರಿದು ಬಿರುಕಿನೊಳಗೆ ತೂರಿಸಿದಳು. ಗೇಣು ಹೋಯಿತು. ಮೊಳ ಹೋಯಿತು. ಒಂದು ಕಡೆ ತಡೆಯಿತು, ಅವಳು ಒತ್ತಿದಳು. ಆಚೆ ಏನೋ ಪುಡಿಪುಡಿ ಬಿದ್ದ ಸದ್ದಾಯಿತು.

"ವಾಣೀ," ಎಂದಿತು ಗೋಡೆಯ ಒಳಬದಿಯ ದನಿ.

"ಅತ್ತಿ."

"ನನ್ನ ಕಿವಿ ಹಂತ್ಯಾಕ ಇದೇನು?"

"ತೊಗರಿ ಕಡ್ಡಿ ರಿ. ಈ ಕಡೆಯಿಂದ ನಾನ ಹಾಕೀನಿ."

ಬೇವಿನ ಬುಡದಲ್ಲಿದ್ದವರು ಇತ್ತ ತಿರುಗಿದರು. ಬಂಡಿಯ ಪೀಪಾಯಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ದಿನಾ ನಾನು ಮೆತ್ತತಿದ್ದೆ ರಿ. ನೀವು ಏಳೂದ್ರಾಗ."

"ಎಂದಿನಿಂದ?"

"ಅವರ ದಿನಕರ್ಮ ಮುಗಿದ ಮರುದಿನದಿಂದ."

"ಹಂಗಾರ ನಾ ಕೈ ಆಡಿಸಿದ್ದು ನಿನ್ನ ಮೆತ್ತಿಗಿ ಮ್ಯಾಲ."

"ಹೌದ್ರಿ."

ಕಡ್ಡಿ ಅವಳ ಕೈಯಿಂದ ಜಾರಿತು. ಆಚೆಯಿಂದ ಮುದಕಮ್ಮ ಅದನ್ನು ಪೂರಾ ಎಳೆದುಕೊಂಡಳು. ಎದ್ದು ಗೋಡೆಯನ್ನು ಬಳಸಿಕೊಂಡು ಈಚೆ ಬಂದಳು. ಹೆಗಲ ಮೇಲೆ ಮಣ್ಣಿನ ಪುಡಿ, ಕೈಯಲ್ಲಿ ಕಡ್ಡಿ. ಸೊಸೆಯನ್ನು ನೋಡಲಿಲ್ಲ.

"ಕೆಡವ್ರಿ," ಎಂದಳು ಸಾಬರಿಗೆ. "ಆದ್ರ ಇದರಾಗಿಂದ ಒಂದ ಬುಟ್ಟಿ ಮಣ್ಣೂ ಹೊರಗ ಹೋಗಬಾರದು."

"ಎಲ್ಲಿಗೆ ಹೋಗತೈತಿ ಅಕ್ಕಾ? ಹಳೇ ಗ್ವಾಡಿ ಹಾಳು ಮಣ್ಣು ಸೀಳಂಗಿಲ್ಲ; ಅದು ಎರಡು ಪಾಲು, ಇದು ಒಂದು ಪಾಲು. ಹುಲ್ಲೂ ಹುಡುಗಂದ. ಎಲ್ಲಾ ಇದೇ ಕೆಸರಿಗೆ ಬೀಳತೈತಿ."

ಕೆಡವಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಾಲ್ಕು ಹಾರೆ ಬಿದ್ದವು, ಬಿರುಕಿದ್ದಲ್ಲೆಲ್ಲ ಗೋಡೆ ತಾನೇ ಬಿಟ್ಟುಕೊಂಡಿತು. ಒಡೆದು ಹರಡಿದರು, ನೀರು ಹಾಕಿದರು, ಬೇವಿನ ಬುಡದ ಮಣ್ಣನ್ನು ಬುಟ್ಟಿಬುಟ್ಟಿಯಾಗಿ ಸುರಿದರು. ಮನೆಯವರು ಮೊದಲು ಇಳಿಯಬೇಕು ಎಂದರು ಸಾಬರು. ಮುದಕಮ್ಮ ವಾಣಿಶ್ರೀಯ ರಟ್ಟೆ ಹಿಡಿದು ಇಳಿದಳು. ಆಮೇಲೂ ಬಿಡಲಿಲ್ಲ, ಕೆಸರು ಜಾರುತ್ತಿತ್ತು.

ಹಂಪವ್ವ ತುಳಿಯುತ್ತ ಹಾಡು ಎತ್ತಿದಳು. ಯಾರ ಮನೆ ಎಂಬುದು ನೆನಪಾಗಿ ನಡುವೆಯೇ ನಿಲ್ಲಿಸಿದಳು.

"ಹಾಡ," ಎಂದಳು ಮುದಕಮ್ಮ. "ಹಾಡಿಲ್ಲಂದ್ರ ಕಾಲು ಏಳಂಗಿಲ್ಲ."

ಎರೆಯ ಹೆಂಟೆಗಳು ಬೇಗ ಕರಗಲಿಲ್ಲ. ಹಿಮ್ಮಡಿಯಿಂದ ಹುಡುಕಿ ಹುಡುಕಿ ಒಡೆಯಬೇಕಾಗಿತ್ತು. ವಾಣಿಶ್ರೀಯ ಕಾಲಿಗೆ ಒಂದಾದ ಮೇಲೊಂದು ಸಿಕ್ಕವು. ಅವಳು ಒಂದನ್ನೂ ಬಿಡದೆ ತುಳಿದಳು. ಮಧ್ಯಾಹ್ನದ ಹೊತ್ತಿಗೆ ಕಪ್ಪು ಯಾವುದು, ಕಂದು ಯಾವುದು ತಿಳಿಯದಂತೆ ಕೆಸರು ಒಂದೇ ಬಣ್ಣಕ್ಕೆ ಬಂತು.

ರೊಟ್ಟಿ, ಪುಂಡಿಪಲ್ಯ ಉಂಡು ಮತ್ತೆ ಎದ್ದರು. ಹೆಂಗಸರು ಕೆಸರಿನ ಮುದ್ದೆ ಕಟ್ಟಿ ಕೈಯಿಂದ ಕೈಗೆ ಎಸೆದರು, ಸಾಬರು ಇಟ್ಟು ತಟ್ಟಿದರು. ಹೊತ್ತು ಮುಳುಗುವಾಗ ಮೂರೂ ಕಡೆ ಗೋಡೆ ಮೊಳದೆತ್ತರ ನಿಂತಿತ್ತು. ಒಂದು ದಿನಕ್ಕೆ ಅಷ್ಟೇ ಎಬ್ಬಿಸಬೇಕು. ಹೆಚ್ಚು ಇಟ್ಟರೆ ತನ್ನ ಭಾರಕ್ಕೆ ತಾನೇ ಕೂರುತ್ತದೆ. ಒಣಗಿದಂತೆಲ್ಲ ನಾಲ್ಕೈದು ಮಂದಿ ಬಂದು ಉಳಿದದ್ದು ಎಬ್ಬಿಸುತ್ತೇವೆ, ಮುಂಗಾರಿನ ಮಿರಗದ ಮಳೆಗೆ ಮೊದಲು ಮಾಳಿಗೆ ಹಾಕಿ ಮುಗಿಸುತ್ತೇವೆ ಎಂದು ಸಾಬರು ಕೈ ತೊಳೆದರು. ಹಂಪವ್ವ ಹೋಗುವಾಗ, ಮುಂದಿನ ಅಮಾವಾಸ್ಯೆಗೆ ತನ್ನ ಮಾಳಿಗೆಯ ಕೆಲಸಕ್ಕೆ ಇಬ್ಬರೂ ಬರಬೇಕು ಎಂದಳು.

ವಾಣಿಶ್ರೀ ಹಸಿ ಗೋಡೆಯ ಮೇಲೆ ಒದ್ದೆ ಚೀಲಗಳನ್ನು ಹೊದಿಸಿದಳು. ನಿನ್ನೆ ನೆನೆಹಾಕಿದ್ದ ಮಣ್ಣಿನ ಬಟ್ಟಲು ಹಾಗೇ ಇತ್ತು. ಮುದಕಮ್ಮ ಅದನ್ನು ಎತ್ತಿ ಕೆಸರಿಗೆ ಬಗ್ಗಿಸಿ, ತೊಳೆದು ಮಗುಚಿ ಇಟ್ಟಳು.

"ಮುಂಜಾನಿ ಸೀಳು ಕಂಡ್ರ ಮೆತ್ತಬ್ಯಾಡ," ಎಂದಳು. "ನನ್ನ ಎಬ್ಬಸು."